ಲೀಚ್ ಲೇಕ್‌ನಲ್ಲಿ ವಸಂತದ ವಾಲೈ: ಲೈಸೆನ್ಸ್‌ನಿಂದ ಕಾವಲಿಯವರೆಗೆ

ಅಮೆರಿಕದ ಮಿನೆಸೋಟದಲ್ಲಿ ಗಾಳ ಹಾಕುವವರಿಗೆ ಮೇ ತಿಂಗಳಲ್ಲಿ ಹಬ್ಬ. ಮೆಮೋರಿಯಲ್ ಡೇ ವಾರಾಂತ್ಯಕ್ಕೆ ಎರಡು ವಾರ ಮೊದಲಿನ ಶನಿವಾರ, ಅಂದರೆ ಮೇ 9ರಿಂದ 15ರ ನಡುವೆ, ವಾಲೈ ಮೀನಿನ ಸೀಸನ್ ಶುರುವಾಗುತ್ತದೆ. ಇಲ್ಲಿಯ ಜನ ಇದನ್ನು ಓಪನರ್ ಅನ್ನುತ್ತಾರೆ. 1948ರಿಂದ ಗವರ್ನರ್ ಹೆಸರಿನಲ್ಲೇ ಒಂದು ಓಪನರ್ ನಡೆದುಕೊಂಡು ಬಂದಿದೆ. ವಾಲೈ 1965ರಿಂದ ಈ ರಾಜ್ಯದ ಅಧಿಕೃತ ಮೀನು.

ಟ್ವಿನ್ ಸಿಟೀಸ್ (ಮಿನಿಯಾಪೊಲಿಸ್, ಸೇಂಟ್ ಪಾಲ್) ಕಡೆ ಇರುವ ನಮ್ಮ ಕನ್ನಡದವರಲ್ಲಿ ಬೇಸಿಗೆಯಲ್ಲಿ ಸಣ್ಣ ಕೆರೆಯ ದಡದಲ್ಲಿ ಕೂತು ಸನ್‌ಫಿಶ್ ಹಿಡಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ವಸಂತದಲ್ಲಿ ಉತ್ತರದ ದೊಡ್ಡ ಕೆರೆಗೆ ಹೋಗೋಣ ಅಂದರೆ ಹಿಂಜರಿಯುತ್ತಾರೆ. ಚಳಿ, ಅಲೆ, ದಡವೇ ಕಾಣದಷ್ಟು ನೀರು. ಹಿಂಜರಿಕೆ ಸಹಜವೇ. ಅವರಿಗಾಗಿ ಲೀಚ್ ಲೇಕ್ ಒಂದನ್ನೇ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ವಾಕರ್ ಊರಿನ ಪಕ್ಕದ ಈ ಕೆರೆ 1 ಲಕ್ಷ ಎಕರೆಗೂ ಮಿಗಿಲು. ನಮ್ಮ ಕೆಆರ್‌ಎಸ್ ಹಿನ್ನೀರಿನ ಎರಡು ಪಟ್ಟಿಗಿಂತ ಜಾಸ್ತಿ.

ಇಷ್ಟು ದೊಡ್ಡ ನೀರಿನಲ್ಲಿ ಮೀನನ್ನೇ ಹುಡುಕುತ್ತಾ ಹೋದರೆ ದಿನ ಮುಗಿದುಹೋಗುತ್ತದೆ. ಗಾಳಿ ಯಾವ ದಡಕ್ಕೆ ಬಡಿಯುತ್ತಿದೆ ಅಂತ ನೋಡಿ. ವಸಂತದಲ್ಲಿ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದದ್ದು ಆ ದಡದ ಹತ್ತಿರ ಎಷ್ಟು ನಿಧಾನವಾಗಿ ಇರಬಲ್ಲಿರಿ ಅನ್ನುವುದು.

ಮೊದಲು ಮೀನಿನ ಬಗ್ಗೆ

ಐಸ್ ಕರಗಿ ನೀರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ವಾಲೈ ಮೊಟ್ಟೆ ಇಡುತ್ತದೆ. ನದಿ ಬಂದು ಸೇರುವ ಬಾಯಿ, ಅಲೆ ಬಡಿಯುವ ಜಲ್ಲಿಕಲ್ಲಿನ ದಡ, ಇಂಥ ಕಡೆ ರಾತ್ರಿ ಹೊತ್ತು ಮೊಟ್ಟೆ ಚೆಲ್ಲಿ ಹೋಗುತ್ತದೆ. ಗೂಡಿಲ್ಲ, ಕಾವಲಿಲ್ಲ. ಗಂಡುಗಳು ಮೊದಲು ಬಂದು ಕೊನೆಗೆ ಹೋಗುತ್ತವೆ. ಹೆಣ್ಣುಗಳು ಮೊಟ್ಟೆ ಇಟ್ಟ ಮೇಲೆ ಸುಸ್ತಾಗಿ ಕೆಲವು ದಿನ ಸರಿಯಾಗಿ ತಿನ್ನುವುದಿಲ್ಲ. ಅದಕ್ಕೇ ಓಪನರ್ ಹೊತ್ತಿಗೆ ಸಿಗುವುದು ಬಹುಪಾಲು 14ರಿಂದ 18 ಇಂಚಿನ ಗಂಡುಗಳು. ತಿನ್ನಲು ಅವೇ ಒಳ್ಳೆಯವು.

ಇನ್ನೊಂದು ವಿಷಯ ಕಣ್ಣು. ವಾಲೈ ಕಣ್ಣಿನೊಳಗೆ ಬೆಳಕನ್ನು ಮತ್ತೆ ಹಿಂದಕ್ಕೆ ಹೊಡೆಯುವ ಪದರವೊಂದಿದೆ. ಟಾರ್ಚ್ ಬಿಟ್ಟರೆ ಕಣ್ಣು ಹೊಳೆಯುವುದು ಅದರಿಂದಲೇ. ಮಬ್ಬು ಬೆಳಕಿನಲ್ಲಿ, ಕದಡಿದ ನೀರಿನಲ್ಲಿ ಅದು ಚೆನ್ನಾಗಿ ನೋಡುತ್ತದೆ, ಅದು ತಿನ್ನುವ ಸಣ್ಣ ಮೀನುಗಳಿಗೆ ಆಗ ಅಷ್ಟು ಕಾಣುವುದಿಲ್ಲ. ಬೆಳಗಿನ ಜಾವ, ಸಂಜೆ, ಮೋಡದ ದಿನ, ಗಾಳಿಯ ದಿನ: ನಾಲ್ಕೂ ವಾಲೈ ಬೇಟೆಯಾಡುವ ಸಮಯ. ಬಿಸಿಲು ಬಿದ್ದು ನೀರು ಕನ್ನಡಿಯಂತೆ ನಿಂತ ಮಧ್ಯಾಹ್ನ ನಿಮಗೆ ಹಿತ, ಮೀನಿಗಲ್ಲ.

ದಿನ, ರೂಮು, ಲೈಸೆನ್ಸ್

ಲೀಚ್ ಲೇಕ್‌ನಲ್ಲಿ ಐಸ್ ಸಾಮಾನ್ಯವಾಗಿ ಏಪ್ರಿಲ್ ಕೊನೆಗೆ ಕರಗುತ್ತದೆ. ಎಲ್ಲ ವರ್ಷವೂ ಹಾಗೇ ಅಂತ ನಂಬಬೇಡಿ. 2013ರ ಓಪನರ್ ದಿನ ಉತ್ತರದ ಹಲವು ದೊಡ್ಡ ಕೆರೆಗಳ ಮೇಲೆ ಇನ್ನೂ ಐಸ್ ಇತ್ತು. ಹೊರಡುವ ಮುಂಚಿನ ವಾರ ನೀರು ಎಷ್ಟು ಬೆಚ್ಚಗಿದೆ ಅಂತ ಅಲ್ಲಿನ ಎರೆ ಮಾರುವ ಬೈಟ್ ಅಂಗಡಿಗೋ ರೆಸಾರ್ಟ್‌ಗೋ ಫೋನ್ ಮಾಡಿ ಕೇಳಿಕೊಳ್ಳಿ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ: ಓಪನರ್ ವಾರಾಂತ್ಯ ಬಿಡಿ, ಅದರ ನಂತರದ ಎರಡು ವಾರಗಳಲ್ಲಿ ಒಂದನ್ನು ಹಿಡಿಯಿರಿ. ಓಪನರ್ ಸಂಭ್ರಮ ನಿಜಕ್ಕೂ ಚೆನ್ನ, ಆದರೆ ಬೋಟ್ ಇಳಿಸುವ ಜಾಗದಲ್ಲಿ ಸಾಲು, ಒಳ್ಳೆಯ ಜಾಗದಲ್ಲೆಲ್ಲ ಗುಂಪು. ಸಾಲದ್ದಕ್ಕೆ ಎಷ್ಟೋ ವರ್ಷ ಅದೇ ಭಾನುವಾರ ಮದರ್ಸ್ ಡೇ ಬೀಳುತ್ತದೆ. ಮೇ ಮೂರನೇ, ನಾಲ್ಕನೇ ವಾರದಲ್ಲಿ ನೀರು ಇನ್ನಷ್ಟು ಬೆಚ್ಚಗಾಗಿರುತ್ತದೆ, ಸುಧಾರಿಸಿಕೊಂಡ ಹೆಣ್ಣುಗಳೂ ತಿನ್ನಲು ಶುರು ಮಾಡಿರುತ್ತವೆ.

ಲೈಸೆನ್ಸ್ ಅನ್ನು ಮಿನೆಸೋಟ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ವೆಬ್‌ಸೈಟ್‌ನಲ್ಲೇ ಕೊಳ್ಳಬಹುದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಗಮನಿಸಿ: ಅವರು ಗಾಳ ಹಿಡಿಯುವುದಾದರೆ ಅವರಿಗೂ ಹೊರಗಿನವರ ಲೈಸೆನ್ಸ್ ಬೇಕು. ಕೆಲವೇ ದಿನಗಳಿಗೂ ಸಿಗುತ್ತದೆ. ಸುಮ್ನೆ ಬೋಟಿನಲ್ಲಿ ಕೂತು ನೋಡುವುದಾದರೆ ಬೇಡ. ಒಬ್ಬರಿಗೆ ಒಂದೇ ಗಾಳ, ಎರಡು ಹಾಕುವಂತಿಲ್ಲ. ಎಷ್ಟು ಮೀನು, ಯಾವ ಅಳತೆ ಅನ್ನುವ ನಿಯಮ ಕೆರೆಯಿಂದ ಕೆರೆಗೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗಬಹುದು. ಲೀಚ್ ಲೇಕ್‌ಗೆ ಪ್ರತ್ಯೇಕ ನಿಯಮವಿದೆ. ಆ ವರ್ಷದ ಪುಸ್ತಕವನ್ನು ಹೊರಡುವ ಹಿಂದಿನ ರಾತ್ರಿ ಓದಿಕೊಳ್ಳಿ. ಈ ಕೆರೆಯ ಬಹುಭಾಗ ಓಜಿಬ್ವೆ ಮೂಲನಿವಾಸಿಗಳ ಲೀಚ್ ಲೇಕ್ ರಿಸರ್ವೇಶನ್‌ನೊಳಗೆ ಇದೆ. ಅವರ ನೆಲ, ಅವರ ಕಾಡು ಅಕ್ಕಿ ಬೆಳೆಯುವ ಕೊಲ್ಲಿಗಳು. ಅಂಥ ಕಡೆ ಮೋಟರ್ ಓಡಿಸಿ ಗಿಡ ಹಾಳು ಮಾಡಬೇಡಿ.

ಸ್ವಂತ ಬೋಟ್ ಇಲ್ಲ ಅಂದರೆ ಮೊದಲ ದಿನಕ್ಕೆ ಒಬ್ಬ ಗೈಡ್ ಇಟ್ಟುಕೊಳ್ಳುವುದು ಒಳ್ಳೆಯದು. ದುಡ್ಡು ಜಾಸ್ತಿ ನಿಜ, ನಾಲ್ಕು ಜನ ಹಂಚಿಕೊಂಡರೆ ಅಷ್ಟು ಭಾರವಾಗುವುದಿಲ್ಲ. ಅವರು ಬೋಟನ್ನು ಗಾಳಿಗೆ ಹೇಗೆ ನಿಲ್ಲಿಸುತ್ತಾರೆ ಅಂತ ಕಣ್ಣಿಟ್ಟು ನೋಡಿ. ಎರಡನೇ ದಿನ ರೆಸಾರ್ಟ್‌ನಿಂದ ಬೋಟ್ ಬಾಡಿಗೆಗೆ ತಗೊಂಡು ನೀವೇ ಹೋಗಬಹುದು.

ಸಾಮಾನು: ಕಡಿಮೆ ಸಾಕು

ಆರೂವರೆಯಿಂದ ಏಳು ಅಡಿಯ ಸ್ಪಿನ್ನಿಂಗ್ ರಾಡ್, ಮೀಡಿಯಮ್ ಲೈಟ್, ತುದಿ ಮಾತ್ರ ಬಾಗುವಂಥದ್ದು. 6 ಅಥವಾ 8 ಪೌಂಡಿನ ನೈಲಾನ್ ದಾರ ಸಾಕು. ಹೆಣೆದ ದಾರ ಇಷ್ಟಪಡುವವರು 10 ಪೌಂಡಿನದನ್ನು ಹಾಕಿ, ತುದಿಗೆ ಮೂರು ನಾಲ್ಕು ಅಡಿ ಫ್ಲೋರೋಕಾರ್ಬನ್ ದಾರ ಕಟ್ಟಿಕೊಳ್ಳಲಿ. ಸಣ್ಣ ಕಡಿತ ಕೈಗೆ ಚೆನ್ನಾಗಿ ತಿಳಿಯುತ್ತದೆ.

ಗಾಳ ಅಂದರೆ ಇಲ್ಲಿ ಜಿಗ್. ಮುಂದೆ ಸೀಸದ ಗುಂಡು, ಹಿಂದೆ ಕೊಕ್ಕೆ. ಎಂಟನೇ ಒಂದು ಔನ್ಸ್ ಮತ್ತು ಕಾಲು ಔನ್ಸ್, ಈ ಎರಡು ತೂಕದಲ್ಲಿ ಒಂದೊಂದು ಡಜನ್ ತಗೊಳ್ಳಿ. ಬಣ್ಣ ಹಳದಿ ಹಸಿರು, ಕಿತ್ತಳೆ, ಚಿನ್ನದ ಬಣ್ಣ, ಗುಲಾಬಿ ಇದ್ದರೆ ಆಯಿತು. ಅಂಗಡಿಯಲ್ಲಿ ಇಡೀ ಗೋಡೆ ತುಂಬಾ ಬಣ್ಣ ನೇತು ಹಾಕಿರುತ್ತಾರೆ, ಆಸೆಗೆ ಬೀಳಬೇಡಿ. ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಮಳೆ ಜಾಕೆಟ್ ಕೊಳ್ಳಿ.

ದೊಡ್ಡ ಬಲೆಬುಟ್ಟಿ, ಕೊಕ್ಕೆ ಬಿಡಿಸುವ ಉದ್ದ ಮೂತಿಯ ಇಕ್ಕಳ, ಅಳತೆ ಪಟ್ಟಿ, ಐಸ್ ಡಬ್ಬಿ, ಡ್ರಿಫ್ಟ್ ಸಾಕ್ ಇರಲಿ. ಡ್ರಿಫ್ಟ್ ಸಾಕ್ ಅಂದರೆ ನೀರಿನಲ್ಲಿ ಬಿಡುವ ಬಟ್ಟೆಯ ಚೀಲ. ಗಾಳಿಗೆ ಬೋಟ್ ಓಡದಂತೆ ಹಿಡಿದೆಳೆಯುತ್ತದೆ. ಆಳ ತೋರಿಸುವ ಸೋನಾರ್ ಬೋಟಿನಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಎರಡೇ ನೋಡಿ: ಆಳ, ನೀರಿನ ಉಷ್ಣತೆ. ಹತ್ತು ಅಡಿಗಿಂತ ಕಮ್ಮಿ ನೀರಿನಲ್ಲಿ ಪರದೆ ಮೇಲೆ ಮೀನು ಕಾಣುವುದು ಕಷ್ಟ, ಕಾಣಲಿಲ್ಲ ಅಂತ ಜಾಗ ಬಿಡಬೇಡಿ.

ಎರೆ: ಶೈನರ್

ಮೇ ತಿಂಗಳ ಲೀಚ್ ಲೇಕ್‌ನಲ್ಲಿ ಬೇರೆಲ್ಲಕ್ಕಿಂತ ಮುಖ್ಯ ಒಂದು ಸಣ್ಣ ಮೀನು, ಸ್ಪಾಟ್‌ಟೇಲ್ ಶೈನರ್. ಬೆರಳುದ್ದ, ಬೆಳ್ಳಿ ಬಣ್ಣ, ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ನೀರು ಬೆಚ್ಚಗಾದ ಹಾಗೆ ಇವು ಮೊಟ್ಟೆ ಇಡಲು ಮರಳು ದಡಗಳ ಹತ್ತಿರ ಹಿಂಡು ಹಿಂಡಾಗಿ ಬರುತ್ತವೆ. ವಾಲೈ ಇವುಗಳ ಹಿಂದೆ ಬರುತ್ತದೆ. ಶೈನರ್ ಎಲ್ಲಿದೆಯೋ ವಾಲೈ ಅಲ್ಲಿದೆ.

ಬೈಟ್ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತವೆ, ಬೆಲೆ ಸ್ವಲ್ಪ ಖಾರ. ಸಿಗದಿದ್ದರೆ ಫ್ಯಾಟ್‌ಹೆಡ್ ಮಿನ್ನೋ ಅನ್ನುವ ಸಣ್ಣ ಮೀನು ತಗೊಳ್ಳಿ. ಕೆರೆಯಲ್ಲಿ ನೀವೇ ಬಲೆ ಹಾಕಿ ಹಿಡಿಯಲು ಹೋಗಬೇಡಿ. ಶೈನರ್ ಬಲು ನಾಜೂಕು, ಬಿಸಿಯಾದ ಬಕೆಟ್ಟಿನಲ್ಲಿ ಬೇಗ ಸಾಯುತ್ತವೆ. ಗಾಳಿ ಗುಳ್ಳೆ ಬಿಡುವ ಬ್ಯಾಟರಿ ಪಂಪ್ ಹಾಕಿ ತಣ್ಣಗೆ ನೆರಳಿನಲ್ಲಿಡಿ.

ಕೊಕ್ಕೆಗೆ ಹಾಕುವ ಕ್ರಮ ಸರಿಯಾಗಿ ಕಲಿತುಕೊಳ್ಳಿ. ಎಡಗೈಯಲ್ಲಿ ಶೈನರ್ ಹಿಡಿದು ಕೊಕ್ಕೆಯ ಮೊನೆಯನ್ನು ಅದರ ಬಾಯೊಳಗೆ ಇಳಿಸಿ, ಕಿವಿರಿನಿಂದ ಹೊರಗೆ ತನ್ನಿ. ಪೂರ್ತಿ ಹೊರಗೆಳೆದು ಜಿಗ್ಗನ್ನು ಅರ್ಧ ತಿರುಗಿಸಿ, ಮೊನೆಯನ್ನು ತಲೆಯ ಹಿಂದೆ ಹೊಟ್ಟೆಯ ಕಡೆಯಿಂದ ಬೆನ್ನಿಗೆ ಚುಚ್ಚಿ. ಈಗ ಶೈನರ್ ಬಾಯಿ ಸೀಸದ ಗುಂಡಿಗೆ ತಾಗಿ ಕೂತಿರಬೇಕು, ಮೈ ನೆಟ್ಟಗೆ ಹಿಂದಕ್ಕೆ ಚಾಚಿರಬೇಕು. ಸೊಟ್ಟಗಿದ್ದರೆ ನೀರಿನಲ್ಲಿ ಗಿರಗಿರ ತಿರುಗುತ್ತದೆ, ದಾರ ಸುತ್ತಿಕೊಳ್ಳುತ್ತದೆ, ವಾಲೈ ಮುಟ್ಟುವುದಿಲ್ಲ. ಸೊಟ್ಟ ಅನಿಸಿದರೆ ತೆಗೆದು ಮತ್ತೆ ಹಾಕಿ. ತುಟಿಗೆ ಮಾತ್ರ ಸಿಕ್ಕಿಸಿದರೆ ಬೀಸಿ ಎಸೆದಾಗ ಹಾರಿಹೋಗುತ್ತದೆ.

ಜೂನ್ ಹತ್ತಿರವಾಗಿ ನೀರು 60 ಡಿಗ್ರಿ ದಾಟಿದ ಮೇಲೆ ಜಿಗಣೆ, ದಪ್ಪ ಎರೆಹುಳ ಕೆಲಸ ಮಾಡುತ್ತವೆ. ಅದಕ್ಕೆ ಮುಂಚೆ ಶೈನರ್ರೇ ಸರಿ.

ಜಾಗ: ಗಾಳಿ ಬಡಿಯುವ ದಡ

ವಾಕರ್ ಬೇ ತುಂಬಾ ಆಳ, ಬೆಚ್ಚಗಾಗಲು ತಡ. ವಸಂತದಲ್ಲಿ ಮುಖ್ಯ ಕೆರೆಯ ಕಡೆಗೆ, ಆಳ ಕಡಿಮೆಯಿರುವ ಪೋರ್ಟೇಜ್ ಬೇ, ಸಕರ್ ಬೇಗಳ ಕಡೆಗೆ ಹೆಚ್ಚು ಗಮನ ಕೊಡಿ. ಸ್ಟೋನಿ ಪಾಯಿಂಟ್, ಪೈನ್ ಪಾಯಿಂಟ್, ಆಟರ್‌ಟೇಲ್ ಪಾಯಿಂಟ್‌ನಂಥ ನೀರಿಗೆ ಚಾಚಿದ ಮೂಲೆಗಳನ್ನು ಮ್ಯಾಪ್‌ನಲ್ಲಿ ಗುರುತು ಹಾಕಿಕೊಳ್ಳಿ.

ಗುರುತು ಹಾಕಿದ್ದು ಅಷ್ಟೇ. ಯಾವುದಕ್ಕೆ ಹೋಗಬೇಕು ಅಂತ ಹೇಳುವುದು ಆ ದಿನದ ಗಾಳಿ. ಗಾಳಿ ಬಡಿಯುವ ದಡದಲ್ಲಿ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಕೆರೆಯ ಮೇಲ್ಪದರದ ಬೆಚ್ಚಗಿನ ನೀರು ಅತ್ತ ಸರಿಯುತ್ತದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು ಅಲ್ಲಿ ಸೇರುತ್ತವೆ, ಅವನ್ನು ತಿನ್ನಲು ಸಣ್ಣ ಮೀನು ಬರುತ್ತವೆ. ಅಲೆ ಎದ್ದು, ನೀರು ಕದಡಿ, ಬೆಳಕು ಕಡಿಮೆಯಾಗುತ್ತದೆ. ವಾಲೈಗೆ ಇನ್ನೇನು ಬೇಕು? ಒಂದೆರಡು ಅಡಿ ಎತ್ತರದ ಅಲೆಗೆ ಇಲ್ಲಿನವರು ವಾಲೈ ಚಾಪ್ ಅಂತಲೇ ಹೆಸರಿಟ್ಟಿದ್ದಾರೆ. ಒಂದೇ ದಿಕ್ಕಿನಿಂದ ಒಂದಿಡೀ ದಿನ ಬೀಸಿದ ಗಾಳಿ, ಈಗಷ್ಟೇ ದಿಕ್ಕು ಬದಲಾಯಿಸಿದ ಗಾಳಿಗಿಂತ ಎಷ್ಟೋ ಮೇಲು. ಆದ್ದರಿಂದ ಹೊರಡುವ ದಿನದ ಹವಾಮಾನ ಮಾತ್ರ ನೋಡಿದರೆ ಸಾಲದು, ಹಿಂದಿನ ದಿನ ಗಾಳಿ ಎತ್ತಲಿಂದ ಇತ್ತು ಅಂತಲೂ ನೋಡಿ.

ಹೊಸಬರು ಇದಕ್ಕೆ ತದ್ವಿರುದ್ಧ ಮಾಡುತ್ತಾರೆ. ಗಾಳಿ ತಾಗದ ಮರೆಯಲ್ಲಿ ಬೋಟ್ ನಿಲ್ಲಿಸಿ ಆರಾಮಾಗಿ ಕೂರುತ್ತಾರೆ. ಬಿಸ್ಕತ್ತು ಖಾಲಿಯಾಗುತ್ತದೆ, ಮೀನು ಬರುವುದಿಲ್ಲ.

ಲೀಚ್ ಲೇಕ್‌ಗೆ 2016ರಿಂದ ಜೀಬ್ರಾ ಮಸಲ್ ಅನ್ನುವ ಸಣ್ಣ ಚಿಪ್ಪು ಜೀವಿ ಸೇರಿಕೊಂಡಿದೆ. ಇವು ನೀರನ್ನು ಸೋಸುತ್ತವೆ. ಸೋಸಿದ ಕೆರೆಯಲ್ಲಿ ನೀರು ತಿಳಿಯಾಗುತ್ತದೆ, ಬಿಸಿಲು ಆಳಕ್ಕೆ ಹೋಗುತ್ತದೆ. ಗಾಳಿ, ಮೋಡ, ಮುಂಜಾವುಗಳ ಬೆಲೆ ಇದರಿಂದ ಇನ್ನೂ ಹೆಚ್ಚಾಯಿತು.

ಸೋನಾರ್ ನೋಡುತ್ತಾ ದಡಕ್ಕೆ ಬನ್ನಿ. 6ರಿಂದ 10 ಅಡಿ ಆಳದ ನೀರು, ಅಡಿಯಲ್ಲಿ ಮರಳು ಮತ್ತು ಜಲ್ಲಿ ಸೇರುವ ಜಾಗ, ಅಲ್ಲಿಂದ ಸಟ್ಟನೆ ಆಳಕ್ಕೆ ಇಳಿಯುವ ಅಂಚು: ಇವು ಒಂದೇ ಕಡೆ ಸಿಕ್ಕಿದರೆ ನಿಲ್ಲಿ. ಮುಂಜಾವು 6 ಅಡಿ, ಬಿಸಿಲೇರಿದಾಗ 10, 12 ಅಡಿ.

ಡ್ರಿಫ್ಟ್ ಮತ್ತು ಜಿಗ್

ಗಾಳಿ ಬರುವ ಕಡೆಗೆ ಬೋಟ್ ಒಯ್ದು ಮೋಟರ್ ನಿಲ್ಲಿಸಿ. ಗಾಳಿ ಬರುವ ಬದಿಯಿಂದಲೇ ಡ್ರಿಫ್ಟ್ ಸಾಕ್ ಇಳಿಸಿ, ಗಾಳಗಳನ್ನೂ ಅದೇ ಬದಿಯಿಂದ ಬಿಡಿ. ಆಗ ಬೋಟ್ ಮುಂದೆ ಸರಿದ ಹಾಗೆ ದಾರ ಹಿಂದೆ ಉಳಿಯುತ್ತದೆ, ಬೋಟಿನಡಿ ಸಿಕ್ಕಿಕೊಳ್ಳುವುದಿಲ್ಲ. ಬೋಟ್ ಗಂಟೆಗೆ ಅರ್ಧ ಮೈಲಿಯಿಂದ ಒಂದು ಮೈಲಿಯೊಳಗೆ ತೇಲಬೇಕು. ಅದಕ್ಕಿಂತ ಜೋರಾದರೆ ಇನ್ನೊಂದು ಸಾಕ್ ಬಿಡಿ.

ಜಿಗ್ ತಳ ಮುಟ್ಟಿದ್ದು ಕೈಗೆ ಗೊತ್ತಾಗಬೇಕು. ಗೊತ್ತಾಗುವ ತೂಕಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಸರಿಯಾದದ್ದು. ಶಾಂತ ನೀರಿಗೆ ಎಂಟನೇ ಒಂದು ಔನ್ಸ್, ಅಲೆಯಿದ್ದರೆ ಕಾಲು ಔನ್ಸ್. ತಳ ತಾಗಿದ ಮೇಲೆ ರಾಡ್ ತುದಿಯನ್ನು ಅರ್ಧ ಅಡಿ ಮೇಲೆತ್ತಿ ನಿಧಾನವಾಗಿ ಇಳಿಸಿ. ಇಳಿಸುವಾಗ ದಾರ ಸಡಿಲ ಬಿಡಬೇಡಿ, ಜಿಗ್ ಜೊತೆಗೇ ರಾಡ್ ಇಳಿಯಲಿ. ವಾಲೈ ಬಾಯಿ ಹಾಕುವುದು ಹೆಚ್ಚಾಗಿ ಜಿಗ್ ಬೀಳುವಾಗ. ತಣ್ಣೀರಿನಲ್ಲಿ ಮೀನಿನ ಮೈ ಜಡ. ಜೋರಾಗಿ ಕುಣಿಸಿದರೆ ಬೆನ್ನಟ್ಟಿ ಬರುವುದಿಲ್ಲ. ಕೆಲವೊಮ್ಮೆ ಎತ್ತುವುದನ್ನೇ ಬಿಟ್ಟು ತಳದ ಮೇಲೆ ಸುಮ್ನೆ ಎಳೆದುಕೊಂಡು ಹೋಗುವುದೇ ಒಳ್ಳೆಯದು.

ಕಡಿತ ಹೇಗಿರುತ್ತದೆ? ಟೇಬಲ್ಲಿನ ಆ ತುದಿಯಲ್ಲಿ ಯಾರೋ ಬೆರಳಿನಿಂದ ಒಮ್ಮೆ ತಟ್ಟಿದ್ದು ಈ ತುದಿಯಲ್ಲಿ ಕೈಗೆ ತಿಳಿದ ಹಾಗೆ. ಟಕ್, ಅಷ್ಟೇ. ಕೆಲವೊಮ್ಮೆ ಅದೂ ಇಲ್ಲ, ಜಿಗ್ ಯಾಕೋ ಭಾರ ಅನಿಸುತ್ತದೆ. ಆಗ ಗಾಬರಿಯಲ್ಲಿ ಎಳೆಯಬೇಡಿ. ರಾಡ್ ತುದಿಯನ್ನು ಮೀನಿನ ಕಡೆಗೆ ಒಂದಡಿ ಬಾಗಿಸಿ, ಮನಸ್ಸಿನಲ್ಲೇ ಒಂದು, ಎರಡು ಎಣಿಸಿ, ದಾರ ಬಿಗಿ ಮಾಡಿಕೊಂಡು ಮೇಲಕ್ಕೆ ಒಂದೇ ಸಮ ಎತ್ತಿ. ಶೈನರ್ ದೊಡ್ಡದಿದ್ದಷ್ಟೂ ಈ ಬಿಡುವು ಹೆಚ್ಚಿರಲಿ. ಸಿಕ್ಕ ಮೇಲೆ ರೀಲ್‌ನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ಬಿಗಿಯಾಗಿ ಬಿಡುವ ತಡೆ, ಕೆಲಸ ಮಾಡಲಿ. ದೊಡ್ಡ ವಾಲೈ ಬೋಟ್ ಕಂಡ ಕೂಡಲೇ ಮತ್ತೆ ಕೆಳಗೆ ಧುಮುಕುತ್ತದೆ, ಬಲೆಬುಟ್ಟಿ ಹಿಡಿದವರು ಅವಸರ ಪಡಬಾರದು. ಬುಟ್ಟಿ ಮೀನಿನ ತಲೆಯ ಕಡೆಯಿಂದ ಬರಬೇಕು.

ಮೀನು ಹಿಡಿಯುವಾಗ ಕೈ ಜೋಪಾನ. ಹಲ್ಲು ಚೂಪು, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಚೂಪು, ಬೆನ್ನಿನ ರೆಕ್ಕೆಯಲ್ಲಿ ಮುಳ್ಳು.

ಮೊದಲ ಮೀನು ಸಿಕ್ಕ ಕೂಡಲೇ ಜಿಪಿಎಸ್‌ನಲ್ಲಿ ಗುರುತು ಹಾಕಿ, ಆಳ ಬರೆದುಕೊಳ್ಳಿ. ವಾಲೈ ಗುಂಪಿನಲ್ಲಿ ಇರುತ್ತದೆ. ಆಳದ ಕಡೆಯಿಂದ ಸುತ್ತು ಹಾಕಿ ಮತ್ತೆ ಅದೇ ಸಾಲಿನಲ್ಲಿ ತೇಲಿ. ಮೀನಿರುವ ಜಾಗದ ಮೇಲೆಯೇ ಮೋಟರ್ ಓಡಿಸಬೇಡಿ.

ಅರ್ಧ ಗಂಟೆ ಏನೂ ಆಗಲಿಲ್ಲವಾ? ಮೊದಲು ಆಳ ಬದಲಿಸಿ, ಆಮೇಲೆ ಜಾಗ, ಕೊನೆಗೆ ಬಣ್ಣ. ಗಾಳಿ ಪೂರ್ತಿ ಬಿದ್ದುಹೋದರೆ ಜಿಗ್ ಬಿಟ್ಟು ಲಿಂಡಿ ರಿಗ್ ಕಟ್ಟಿ. ಇದೇ ಮಿನೆಸೋಟದ ರಾನ್ ಮತ್ತು ಅಲ್ ಲಿಂಡ್ನರ್ ಸಹೋದರರಿಂದ ಹೆಸರಾದ ಕಟ್ಟು ಇದು. ದಾರ ಜಾರುವಂತೆ ಒಂದು ಸೀಸ, ಅದಕ್ಕೆ ತಡೆಯಾಗಿ ಸ್ವಿವೆಲ್ ಅನ್ನುವ ತಿರುಗುವ ಕೊಂಡಿ, ಆಮೇಲೆ ಆರಡಿ ತೆಳು ದಾರ, ತುದಿಗೆ ಬರಿ ಕೊಕ್ಕೆ. ಮೀನು ಎಳೆದಾಗ ದಾರ ಸೀಸದೊಳಗೆ ಜಾರುವುದರಿಂದ ಅದಕ್ಕೆ ಭಾರ ಗೊತ್ತಾಗುವುದಿಲ್ಲ.

ತಣ್ಣೀರು

ಈ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ. ಮೇ ತಿಂಗಳಲ್ಲಿ ಗಾಳಿ 70 ಡಿಗ್ರಿ ಇದ್ದರೂ ನೀರು 50ರ ಆಸುಪಾಸು ಇರುತ್ತದೆ, ಅಂದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್. ಬಿದ್ದ ಕೂಡಲೇ ಉಸಿರು ಕಟ್ಟಿದ ಹಾಗಾಗಿ ಏದುಸಿರು ಬರುತ್ತದೆ. ಆಗ ತಲೆ ನೀರಿನೊಳಗಿದ್ದರೆ ನೀರು ಕುಡಿದೇ ಬಿಡುತ್ತೀರಿ. ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು ಹತ್ತು ನಿಮಿಷ, ಚಳಿಗೆ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಇದು ರಕ್ಷಣಾ ತಂಡದವರು ಕಲಿಸುವ ಲೆಕ್ಕ. ಲೈಫ್ ಜಾಕೆಟ್ ಮೈಮೇಲಿದ್ದವರಿಗೆ ಮಾತ್ರ ಆ ಒಂದು ಗಂಟೆ ಸಿಗುತ್ತದೆ. ಎಷ್ಟೇ ಚೆನ್ನಾಗಿ ಈಜು ಬಂದರೂ ಅಷ್ಟೇ.

ಕಾನೂನಿನ ಪ್ರಕಾರ ಪ್ರತಿಯೊಬ್ಬರಿಗೂ ಒಂದು ಜಾಕೆಟ್ ಬೋಟಿನಲ್ಲಿರಬೇಕು, 10 ವರ್ಷದೊಳಗಿನ ಮಕ್ಕಳು ಬೋಟ್ ಹೋಗುವಾಗ ಹಾಕಿಕೊಂಡೇ ಇರಬೇಕು. ವಸಂತದಲ್ಲಿ ದೊಡ್ಡವರೂ ಹಾಕಿಕೊಂಡೇ ಇರಿ. ಮೋಟರ್ ಓಡಿಸುವವರು ಅದನ್ನು ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಮೈಗೆ ಕ್ಲಿಪ್ ಮಾಡಿಕೊಳ್ಳಲಿ. ಒಂದೆರಡು ಅಡಿ ಅಲೆ ಸರಿ. ಅಲೆಯ ನೆತ್ತಿ ಒಡೆದು ಎಲ್ಲೆಲ್ಲೂ ಬಿಳಿ ನೊರೆ ಕಂಡರೆ ಎಷ್ಟೇ ಮೀನು ಸಿಗುತ್ತಿದ್ದರೂ ಎದ್ದು ಹೊರಡಿ. ದೊಡ್ಡ ಕೆರೆಯಲ್ಲಿ ಅಲೆ ಏಳಲು ಹೆಚ್ಚು ಹೊತ್ತು ಬೇಕಿಲ್ಲ. ಬೆಚ್ಚಗಿನ ಪದರ ಪದರ ಬಟ್ಟೆ, ಮೇಲೆ ಮಳೆ ಜಾಕೆಟ್, ಒಂದು ಜೊತೆ ಒಣ ಬಟ್ಟೆ, ಫ್ಲಾಸ್ಕಿನಲ್ಲಿ ಕಾಫಿ. ಊಟಕ್ಕೆ ಪುಳಿಯೋಗರೆ ಅಥವಾ ಚಿತ್ರಾನ್ನ ಒಳ್ಳೆಯದು, ತಣ್ಣಗಾದರೂ ತಿನ್ನಬಹುದು.

ಯಾವುದನ್ನು ಇಟ್ಟುಕೊಳ್ಳುವುದು

ನಿಯಮ ಒಂದು ಕಡೆ ಇರಲಿ, ನನ್ನ ಮನಸ್ಸಿನ ಮಾತು: 20 ಇಂಚು ದಾಟಿದ್ದನ್ನು ಬಿಟ್ಟುಬಿಡಿ. ಅವು ಬಹುಪಾಲು ಮೊಟ್ಟೆ ಇಡುವ ಹೆಣ್ಣುಗಳು. ಉತ್ತರದ ತಣ್ಣೀರಿನಲ್ಲಿ ವಾಲೈ ನಿಧಾನವಾಗಿ ಬೆಳೆಯುತ್ತದೆ, ಆ ಗಾತ್ರಕ್ಕೆ ಬರಲು ವರ್ಷಗಳೇ ಬೇಕು. 2000ರ ದಶಕದ ಮೊದಲ ವರ್ಷಗಳಲ್ಲಿ ಈ ಕೆರೆಯಲ್ಲಿ ವಾಲೈ ತೀರಾ ಕಡಿಮೆಯಾಗಿತ್ತು. ಮರಿ ಬಿಟ್ಟು, ನೀರುಕಾಗೆಗಳ ಸಂಖ್ಯೆ ತಗ್ಗಿಸಿ, ದೊಡ್ಡ ಮೀನು ಉಳಿಸುವ ನಿಯಮ ತಂದು ಮತ್ತೆ ಬೆಳೆಸಿದರು. ಅದರ ಫಲವನ್ನೇ ಈಗ ನಾವು ಹಿಡಿಯುತ್ತಿರುವುದು. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಫೋಟೋ ಬೇಗ ಮುಗಿಸಿ, ನೀರಿಗೆ ಇಳಿಸಿ. ವಸಂತದ ತಣ್ಣೀರಿನಲ್ಲಿ, ಆಳ ಕಡಿಮೆಯಿರುವ ಕಡೆ ಹಿಡಿದು ಬಿಟ್ಟ ಮೀನು ಚೆನ್ನಾಗಿ ಬದುಕುತ್ತದೆ. ತಿನ್ನಲು ಇಟ್ಟುಕೊಂಡದ್ದನ್ನು ಕೂಡಲೇ ಐಸಿಗೆ ಹಾಕಿ.

ದಡಕ್ಕೆ ಬಂದ ಮೇಲೆ

ಬೋಟ್ ಮೇಲೆತ್ತಿದ ಕೂಡಲೇ ನೀರು ಹೊರಬಿಡುವ ಪ್ಲಗ್ ತೆಗೆದು ನೀರೆಲ್ಲ ಹರಿಸಿ, ಅಂಟಿದ ಗಿಡ ಕಿತ್ತು ಹಾಕಿ. ಪ್ಲಗ್ ತೆಗೆದೇ ರಸ್ತೆಗೆ ಇಳಿಯಬೇಕು. ಮಿಕ್ಕ ಶೈನರ್ ಕೆರೆಗೆ ಸುರಿಯುವಂತಿಲ್ಲ, ಕಸದ ಡಬ್ಬಿಗೆ ಹಾಕಿ. ಜೀಬ್ರಾ ಮಸಲ್ ಇಂಥ ಬಕೆಟ್ಟಿನ ನೀರಿನಿಂದಲೂ ಮುಂದಿನ ಕೆರೆಗೆ ಹೋಗುತ್ತದೆ.

ಮೀನು ಸೀಳುವ ಕೆಲಸ ಬೋಟಿನ ಮೇಲೆ ಬೇಡ, ಅಳತೆ ನೋಡಲು ಆಗುವಂತೆ ಇಡಿಯಾಗಿಯೇ ದಡಕ್ಕೆ ತನ್ನಿ. ರೆಸಾರ್ಟ್‌ಗಳಲ್ಲಿ ಮೀನು ಸ್ವಚ್ಛ ಮಾಡಲೆಂದೇ ಒಂದು ಮನೆ ಇರುತ್ತದೆ. ಕಿವಿರಿನ ಹಿಂದೆ ಕತ್ತರಿಸಿ, ಚಾಕುವನ್ನು ಬೆನ್ನೆಲುಬಿನ ಮೇಲೆ ಮಲಗಿಸಿ ಬಾಲದವರೆಗೆ ಎಳೆಯಿರಿ, ಪಕ್ಕೆಲುಬು ತೆಗೆಯಿರಿ. ನಡುವೆ ಒಂದು ಸಾಲು ಸಣ್ಣ ಮುಳ್ಳು ಉಳಿಯುತ್ತದೆ, ಅದರ ಎರಡೂ ಕಡೆ ಗೀರಿ ಪಟ್ಟಿಯಾಗಿ ತೆಗೆದುಬಿಟ್ಟರೆ ಮಕ್ಕಳಿಗೂ ಧೈರ್ಯವಾಗಿ ಕೊಡಬಹುದು. ಮನೆಗೆ ಒಯ್ಯುವ ತುಂಡಿನ ಮೇಲೆ ಒಂದಿಂಚು ಚೌಕದಷ್ಟು ಚರ್ಮ ಪೊರೆ ಸಮೇತ ಬಿಡಿ. ಯಾವ ಮೀನು ಅಂತ ಗುರುತಿಸಲು ನಿಯಮ ಅದನ್ನು ಕೇಳುತ್ತದೆ. ಕೆನ್ನೆಯ ಎರಡು ಪುಟ್ಟ ತುಂಡುಗಳನ್ನು ಎಸೆಯಬೇಡಿ, ಇಡೀ ಮೀನಿನಲ್ಲಿ ಅತಿ ರುಚಿಯಾದ ಭಾಗ ಅದೇ.

ವಾಲೈ ಮಾಂಸ ಬೆಳ್ಳಗೆ, ಎಣ್ಣೆ ಕಡಿಮೆ, ವಾಸನೆ ಇಲ್ಲವೆನ್ನುವಷ್ಟು ಮೆತ್ತಗಿನ ರುಚಿ. ಕರಾವಳಿಯವರಿಗೆ ಕಾಣೆಯ ನೆನಪು ಬರುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಅರಿಶಿನ, ಹುಣಸೆಹಣ್ಣು ಗಟ್ಟಿಯಾಗಿ ರುಬ್ಬಿ, ಉಪ್ಪು ಸೇರಿಸಿ ತೆಳ್ಳಗೆ ಹಚ್ಚಿ. ಹುಳಿ ಜಾಸ್ತಿ ಹೊತ್ತು ಹಿಡಿದರೆ ಮಾಂಸ ಮೆತ್ತಗಾಗುತ್ತದೆ, ಅರ್ಧ ಗಂಟೆ ಸಾಕು. ಸಣ್ಣ ರವೆಯಲ್ಲಿ ಹೊರಳಿಸಿ, ಕಾದ ಕಾವಲಿಗೆ ತೆಂಗಿನೆಣ್ಣೆ ಹಾಕಿ ಒಂದೊಂದು ಬದಿ ಮೂರು ನಿಮಿಷ ಬೇಯಿಸಿ. ಗಸಿ ಮಾಡುವುದಾದರೆ ಮಸಾಲೆ ಪೂರ್ತಿ ಕುದಿದ ಮೇಲೆ ತುಂಡು ಹಾಕಿ, ಸೌಟು ಆಡಿಸದೆ ಪಾತ್ರೆಯನ್ನೇ ಒಮ್ಮೆ ಅಲುಗಿಸಿ, ಐದು ನಿಮಿಷಕ್ಕೆ ಒಲೆ ಆರಿಸಿ.